ಬೇಡವಾದ ನೆಟ್‌ವರ್ಕ್ ಡ್ರೈವನ್ನು ಕಂಪ್ಯೂಟರಿನಿಂದ ಬೇರುಸಹಿತ ತೆಗೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಲಾಗಿನ್ ಆದ ಕೂಡಲೇ ಪರದೆಯ ಮೂಲೆಯಲ್ಲಿ ‘ಎಲ್ಲ ನೆಟ್‌ವರ್ಕ್ ಡ್ರೈವ್‌ಗಳನ್ನು ಮರುಜೋಡಿಸಲು ಆಗಲಿಲ್ಲ’ ಎಂಬ ಸೂಚನೆ ಬರುತ್ತದೆ. ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಮೇಲಿನ ಹಸಿರು ಪಟ್ಟಿ ತೆವಳುತ್ತಲೇ ಇರುತ್ತದೆ. ಯಾವುದೋ ಪತ್ರವನ್ನು ಉಳಿಸಲು ‘ಸೇವ್ ಆ್ಯಸ್’ ಒತ್ತಿದರೆ ಇಡೀ ತಂತ್ರಾಂಶವೇ ಮರಗಟ್ಟಿ ನಿಲ್ಲುತ್ತದೆ. ಯಂತ್ರ ಹಳೆಯದಾಯಿತೆಂದು ಜನ ಇದನ್ನು ಸಹಿಸಿಕೊಳ್ಳುತ್ತಾರೆ. ಆದರೆ ಹೆಚ್ಚಿನ ಸಲ ತಪ್ಪು ಯಂತ್ರದ್ದಲ್ಲ. ನೆಟ್‌ವರ್ಕ್ ಡ್ರೈವ್ ಎಂದರೆ ಬೇರೊಂದು ಕಂಪ್ಯೂಟರಿನಲ್ಲಿರುವ, ಅಂದರೆ ಸರ್ವರ್‌ನಲ್ಲಿರುವ, ಫೋಲ್ಡರ್ ನಿಮ್ಮಲ್ಲಿ ಡ್ರೈವಿನಂತೆ ಕಾಣುವುದು. ಎಂದೋ ಜೋಡಿಸಿದ್ದ, ಈಗ ಸರ್ವರೇ ಇಲ್ಲದ ಅಂಥ ಒಂದು ಡ್ರೈವ್ ಪಟ್ಟಿಯಲ್ಲಿ ಉಳಿದುಕೊಂಡಿರುತ್ತದೆ. ಕಂಪ್ಯೂಟರ್ ಪ್ರತಿ ಸಲವೂ ಆ ವಿಳಾಸಕ್ಕೆ ಕರೆ ಕಳಿಸಿ, ಉತ್ತರಕ್ಕಾಗಿ ಕಾದು, ಬಾರದೆ ಕೈಬಿಡುತ್ತದೆ. ನೀವು ಅನುಭವಿಸುವ ವಿಳಂಬ ಆ ಕಾಯುವಿಕೆಯದು.

ತೆಗೆದುಹಾಕುವುದು ಒಂದೇ ಕ್ಲಿಕ್ಕಿನ ಕೆಲಸ ಎನ್ನಿಸುತ್ತದೆ. ಕೆಲವೊಮ್ಮೆ ಹಾಗೆಯೇ ಮುಗಿಯುತ್ತದೆ ಕೂಡ. ಮುಗಿಯದಿದ್ದಾಗ ಮಾತ್ರ ತೆಗೆದ ಡ್ರೈವ್ ಮರುದಿನ ಮತ್ತೆ ಅದೇ ಜಾಗದಲ್ಲಿ ಕುಳಿತಿರುತ್ತದೆ. ಏಕೆಂದರೆ ನಾವು ‘ಡ್ರೈವ್’ ಎಂದು ಒಂದೇ ಹೆಸರಿನಿಂದ ಕರೆಯುವುದರ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿಗಳಿವೆ: ಈ ಕ್ಷಣ ಸರ್ವರ್ ಜೊತೆ ಇರುವ ಸಂಪರ್ಕ, ಮುಂದಿನ ಸಲವೂ ಜೋಡಿಸಬೇಕು ಎಂದು ಕಂಪ್ಯೂಟರ್ ಬರೆದಿಟ್ಟುಕೊಂಡ ನೆನಪು, ಅದಕ್ಕಾಗಿ ಉಳಿಸಿದ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್, ಹಾಗೂ ಹೊರಗಿನಿಂದ ಅದನ್ನು ಮತ್ತೆ ಮತ್ತೆ ಜೋಡಿಸುವ ಸ್ಕ್ರಿಪ್ಟ್ (ತಾನಾಗಿ ಓಡುವ ಕಮಾಂಡ್‌ಗಳ ಫೈಲ್) ಅಥವಾ ಕಚೇರಿಯ ನಿಯಮ. ಮೊದಲನೆಯದನ್ನಷ್ಟೇ ಕಡಿದು ಉಳಿದ ಮೂರನ್ನು ಬಿಟ್ಟರೆ, ಬೇರು ಬಿಟ್ಟು ಕೊಂಬೆ ಸವರಿದಂತೆ. ಆದ್ದರಿಂದ ಡ್ರೈವ್ ಎಲ್ಲಿಂದ ಹುಟ್ಟುತ್ತಿದೆ ಎಂದು ಕಂಡುಕೊಂಡು ತೆಗೆಯುವುದೇ ನಿಜವಾದ ಪರಿಹಾರ. ಈ ಬರಹದ ಬಹುಪಾಲು ಆ ಹುಡುಕಾಟದ್ದೇ.

ಕಮಾಂಡ್‌ಗಳ ಬಗ್ಗೆ ಒಂದು ಮಾತು. ಇಲ್ಲಿ ಅವುಗಳನ್ನು ಉಚ್ಚಾರಣೆಯಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಎರಡು ಪದಗಳ ನಡುವೆ ಖಾಲಿ ಜಾಗ ಇರುವಲ್ಲಿ ಅಲ್ಲಿಯೂ ಇರಲಿ. ಗೀಟು, ಚುಕ್ಕಿ, ಕೋಲನ್‌ಗಳು ಇಲ್ಲಿರುವಂತೆಯೇ ಇರಲಿ. ಉದಾಹರಣೆಗಾಗಿ ಡ್ರೈವಿನ ಅಕ್ಷರ ‘ಝಡ್’ ಎಂದು ಇಟ್ಟುಕೊಂಡಿದ್ದೇನೆ.

ಎಲ್ಲಕ್ಕಿಂತ ಮೊದಲು: ಡಿಲೀಟ್ ಒತ್ತಬೇಡಿ

ನೆಟ್‌ವರ್ಕ್ ಡ್ರೈವ್ ಬೇಡ ಎಂದರೆ ಅದಕ್ಕೆ ಹೋಗುವ ದಾರಿ ಬೇಡ ಎಂದು ಅರ್ಥ. ಅದರೊಳಗಿನ ಫೈಲ್‌ಗಳು ಬೇಡ ಎಂದಲ್ಲ. ಡ್ರೈವ್ ತೆರೆದು, ಒಳಗಿನದನ್ನೆಲ್ಲ ಆಯ್ದು ಡಿಲೀಟ್ ಒತ್ತಿದರೆ ಅಳಿಯುವುದು ಸರ್ವರ್‌ನಲ್ಲಿರುವ ನಿಜವಾದ ಫೈಲ್‌ಗಳು. ಅದನ್ನು ಬಳಸುವ ಎಲ್ಲರ ಪಾಲಿಗೂ ಅವು ಹೋದಂತೆಯೇ. ಸಾಮಾನ್ಯವಾಗಿ ನೆಟ್‌ವರ್ಕ್ ಡ್ರೈವಿನಿಂದ ಅಳಿಸಿದ ಫೈಲ್ ನಿಮ್ಮ ಕಂಪ್ಯೂಟರಿನ ರೀಸೈಕಲ್ ಬಿನ್‌ಗೆ ಬರುವುದೂ ಇಲ್ಲ. ನೇರವಾಗಿ ಮಾಯವಾಗುತ್ತದೆ. ನಮಗೆ ಬೇಕಾದ ಆಯ್ಕೆಗಳ ಹೆಸರು ‘ಡಿಸ್‌ಕನೆಕ್ಟ್’, ‘ಇಜೆಕ್ಟ್’ ಅಥವಾ ‘ಅನ್‌ಮೌಂಟ್’. ಈ ಮೂರೂ ಫೈಲ್‌ಗಳನ್ನು ಮುಟ್ಟುವುದಿಲ್ಲ.

ತೆಗೆಯುವ ಮುನ್ನ ಕೆಲವನ್ನು ನೋಡಿಕೊಳ್ಳಿ. ಆ ಡ್ರೈವಿನಿಂದ ತೆರೆದ ಫೈಲ್‌ಗಳನ್ನೆಲ್ಲ ಉಳಿಸಿ ಮುಚ್ಚಿದ್ದೀರಾ? ನಿಮ್ಮ ಬ್ಯಾಕಪ್ ತಂತ್ರಾಂಶ ಅದೇ ಡ್ರೈವಿಗೆ ಪ್ರತಿ ಕಳಿಸುತ್ತಿದೆಯೇ? ಬ್ಯಾಕಪ್ ನಿಂತುಹೋದದ್ದು ಡಿಸ್ಕ್ ಕೆಟ್ಟ ದಿನವೇ ಗೊತ್ತಾಗುವಂತೆ ಆಗಬಾರದು. ವಿಂಡೋಸ್‌ನಲ್ಲಿ ‘ಡಾಕ್ಯುಮೆಂಟ್ಸ್’ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ ತೆರೆದು ‘ಲೊಕೇಶನ್’ ಎಂಬಲ್ಲಿ ನೋಡಿ. ಅಲ್ಲಿ ಈ ನೆಟ್‌ವರ್ಕ್ ವಿಳಾಸವೇ ಇದ್ದರೆ ನಿಮ್ಮ ದಾಖಲೆಗಳೆಲ್ಲ ಆ ಸರ್ವರ್‌ನಲ್ಲಿವೆ. ಅವನ್ನು ಮೊದಲು ಇತ್ತ ತರಬೇಕು. ಕಂಟ್ರೋಲ್ ಪ್ಯಾನಲ್‌ನ ‘ಸಿಂಕ್ ಸೆಂಟರ್’ ಕೂಡ ತೆರೆದು ನೋಡಿ. ಸರ್ವರಿನ ಫೈಲ್‌ಗಳ ಪ್ರತಿಯನ್ನು ನಿಮ್ಮಲ್ಲೂ ಇಡುವ ಆಫ್‌ಲೈನ್ ಫೈಲ್‌ಗಳ ಸೌಲಭ್ಯ ಚಾಲೂ ಇದ್ದು ನೀವು ಮಾಡಿದ ಬದಲಾವಣೆಗಳು ಇನ್ನೂ ಸರ್ವರ್ ತಲುಪಿರದಿದ್ದರೆ, ಅವು ನಿಮ್ಮಲ್ಲಿ ಮಾತ್ರ ಇರುತ್ತವೆ.

ಇನ್ನೊಂದು: ಡ್ರೈವಿನ ಚಿಹ್ನೆಯ ಮೇಲೆ ಕೆಂಪು ಗುರುತು ಕಂಡ ಮಾತ್ರಕ್ಕೆ ಡ್ರೈವ್ ಸತ್ತಿದೆ ಎಂದು ತಿಳಿಯಬೇಕಾಗಿಲ್ಲ. ಬಳಕೆಯಿಲ್ಲದ ಸಂಪರ್ಕವನ್ನು ವಿಂಡೋಸ್ ಸರ್ವರ್ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಮೂಲ ಹೊಂದಿಕೆಯಂತೆ 15 ನಿಮಿಷ ಚಟುವಟಿಕೆ ಇಲ್ಲದಿದ್ದರೆ ಕಡಿದುಹಾಕುತ್ತದೆ. ಡ್ರೈವ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕ್ಷಣದಲ್ಲಿ ತೆರೆದುಕೊಂಡು ಗುರುತು ಹೋಗುತ್ತದೆ. ಅದು ಆರೋಗ್ಯವಾಗಿರುವ ಡ್ರೈವ್. ನಿಮಗೆ ಬೇಡವಾಗಿದ್ದರೆ ಮಾತ್ರ ತೆಗೆಯಿರಿ.

ವಿಂಡೋಸ್: ಸುಲಭದ ದಾರಿ

1. ವಿಂಡೋಸ್ ಕೀ ಮತ್ತು ‘ಇ’ ಅಕ್ಷರವನ್ನು ಒಟ್ಟಿಗೆ ಒತ್ತಿ ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ. ಎಡಗಡೆಯಲ್ಲಿ ‘ದಿಸ್ ಪಿಸಿ’ ಆರಿಸಿ.
2. ‘ನೆಟ್‌ವರ್ಕ್ ಲೊಕೇಶನ್ಸ್’ ಎಂಬ ತಲೆಬರಹದ ಕೆಳಗೆ ಬೇಡವಾದ ಡ್ರೈವ್ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ.
3. ‘ಡಿಸ್‌ಕನೆಕ್ಟ್’ ಒತ್ತಿ. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒತ್ತಿದರೆ ಹಳೆಯ ಪಟ್ಟಿ ತೆರೆದುಕೊಳ್ಳುತ್ತದೆ, ಅಲ್ಲಿರುತ್ತದೆ.
4. ತೆರೆದ ಫೈಲ್‌ಗಳಿವೆ ಎಂಬ ಎಚ್ಚರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ, ಫೈಲ್ ಮುಚ್ಚಿ ಮತ್ತೆ ಪ್ರಯತ್ನಿಸಿ.

ಚಿಹ್ನೆ ಹಾಗೆಯೇ ಉಳಿದರೆ ಎಫ್5 ಒತ್ತಿ ನೋಡಿ. ಆಗಲೂ ಹೋಗದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ‘ವಿಂಡೋಸ್ ಎಕ್ಸ್‌ಪ್ಲೋರರ್’ ಮೇಲೆ ಬಲ ಕ್ಲಿಕ್ ಮಾಡಿ ‘ರೀಸ್ಟಾರ್ಟ್’ ಒತ್ತಿ. ಸಂಪರ್ಕ ನಿಜಕ್ಕೂ ಹೋಗಿದ್ದು ಪರದೆಯಲ್ಲಿ ಮಾತ್ರ ಹಳೆಯ ಚಿತ್ರ ಉಳಿದಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ.

ಬಲ ಕ್ಲಿಕ್ಕಿನ ಪಟ್ಟಿಯಲ್ಲಿ ‘ಡಿಸ್‌ಕನೆಕ್ಟ್’ ಇಲ್ಲವೇ ಇಲ್ಲ, ‘ಡಿಲೀಟ್’ ಮಾತ್ರ ಇದೆ ಎಂದಾದರೆ ಗಾಬರಿ ಬೇಡ. ಆ ಚಿಹ್ನೆಗೆ ಅಕ್ಷರ ಇದೆಯೇ ನೋಡಿ. ಅಕ್ಷರವಿಲ್ಲದ, ಫೋಲ್ಡರಿನಂತೆ ಕಾಣುವ ಚಿಹ್ನೆಯಾದರೆ ಅದು ಡ್ರೈವ್ ಅಲ್ಲ, ‘ಆ್ಯಡ್ ಎ ನೆಟ್‌ವರ್ಕ್ ಲೊಕೇಶನ್’ ಮೂಲಕ ಮಾಡಿದ ಅಡ್ಡದಾರಿ (ಶಾರ್ಟ್‌ಕಟ್). ಅದರ ಚಿಹ್ನೆಯನ್ನು ಅಳಿಸಿದರೆ ಅಡ್ಡದಾರಿ ಮಾತ್ರ ಹೋಗುತ್ತದೆ. ಇಲ್ಲಿ ಒಂದು ಎಚ್ಚರ: ಚಿಹ್ನೆಯನ್ನು ಹೊರಗಿನಿಂದ ಅಳಿಸಬೇಕೇ ಹೊರತು, ಅದನ್ನು ತೆರೆದು ಒಳಗೆ ಹೋಗಿ ಅಳಿಸಬಾರದು.

ಅಕ್ಷರವಿದ್ದೂ ‘ಡಿಸ್‌ಕನೆಕ್ಟ್’ ಇಲ್ಲದ ಡ್ರೈವ್‌ಗಳೂ ಉಂಟು. ಗೂಗಲ್ ಡ್ರೈವ್‌ನ ತಂತ್ರಾಂಶ ಕಂಪ್ಯೂಟರಿನಲ್ಲಿ ಒಂದು ಅಕ್ಷರ ಹಿಡಿದು ಸ್ಥಳೀಯ ಡಿಸ್ಕಿನಂತೆಯೇ ಕಾಣಿಸಿಕೊಳ್ಳುತ್ತದೆ. ಅದನ್ನು ಆ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನು ಬೇರ್ಪಡಿಸಿಯೇ ತೆಗೆಯಬೇಕು. ಇನ್ನು ‘ಸಬ್‌ಸ್ಟ್’ ಎಂಬ ಕಮಾಂಡ್ ನಿಮ್ಮದೇ ಡಿಸ್ಕಿನ ಒಂದು ಫೋಲ್ಡರಿಗೆ ಅಕ್ಷರ ಕೊಡುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬರಿದೇ ‘ಸಬ್‌ಸ್ಟ್’ ಎಂದು ಕೊಟ್ಟರೆ ಅಂಥವುಗಳ ಪಟ್ಟಿ ಬರುತ್ತದೆ. ‘ಸಬ್‌ಸ್ಟ್ ಝಡ್: /ಡಿ’ ಎಂದರೆ ಅದು ಹೋಗುತ್ತದೆ, ಫೋಲ್ಡರ್ ಇದ್ದಲ್ಲೇ ಇರುತ್ತದೆ.

ವಿಂಡೋಸ್: ಕಮಾಂಡ್ ಪ್ರಾಂಪ್ಟ್‌ನಿಂದ

ಎಕ್ಸ್‌ಪ್ಲೋರರ್ ತೋರಿಸುವುದು ಅರ್ಧ ಸತ್ಯ. ಪೂರ್ತಿ ಚಿತ್ರ ಬೇಕಾದರೆ ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಎಂದು ಹುಡುಕಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಸಾಮಾನ್ಯ ರೀತಿಯಲ್ಲೇ ತೆರೆಯಿರಿ, ಅಡ್ಮಿನಿಸ್ಟ್ರೇಟರ್ ಆಗಿ ಬೇಡ. ಕಾರಣ ಮುಂದೆ ಬರುತ್ತದೆ. ಅಲ್ಲಿ ಕೊಡಬೇಕಾದ್ದು:

ನೆಟ್ ಯೂಸ್

ಸ್ಥಿತಿ, ಅಕ್ಷರ, ಸರ್ವರಿನ ವಿಳಾಸ ಇರುವ ಪಟ್ಟಿ ಬರುತ್ತದೆ. ‘ಓಕೆ’ ಎಂದಿದ್ದರೆ ಸಂಪರ್ಕ ಜೀವಂತ. ‘ಡಿಸ್‌ಕನೆಕ್ಟೆಡ್’ ಎಂದರೆ ಸದ್ಯ ಕಡಿದಿದೆ, ಬೇಕೆಂದಾಗ ಮತ್ತೆ ಜೋಡಿಸಿಕೊಳ್ಳಬಹುದು. ‘ಅನವೈಲಬಲ್’ ಎಂದರೆ ನೆನಪಿನಲ್ಲಿದೆ, ಆದರೆ ಜೋಡಣೆ ಆಗಿಲ್ಲ. ಅಕ್ಷರದ ಕಂಬದಲ್ಲಿ ಏನೂ ಇಲ್ಲದ ಸಾಲುಗಳೂ ಕಾಣಬಹುದು. ಅವು ಅಕ್ಷರ ಕೊಡದೆ ನೇರ ವಿಳಾಸದಿಂದ ತೆರೆದ ಸಂಪರ್ಕಗಳು; ಎಕ್ಸ್‌ಪ್ಲೋರರ್‌ನ ಡ್ರೈವ್ ಪಟ್ಟಿಯಲ್ಲಿ ಅವು ಕಾಣುವುದಿಲ್ಲ.

ತೆಗೆಯಲು:

ನೆಟ್ ಯೂಸ್ ಝಡ್: /ಡಿಲೀಟ್

ಇಲ್ಲಿನ ‘ಡಿಲೀಟ್’ ಎಂಬುದಕ್ಕೆ ಹೆದರಬೇಕಾಗಿಲ್ಲ. ಅಳಿಯುವುದು ಜೋಡಣೆ, ಫೈಲ್‌ಗಳಲ್ಲ. ಅಕ್ಷರವಿಲ್ಲದ ಸಾಲಿಗೆ ಝಡ್ ಬದಲು ಪಟ್ಟಿಯಲ್ಲಿ ಕಂಡ ಪೂರ್ತಿ ವಿಳಾಸವನ್ನು, ಆರಂಭದ ಎರಡು ಹಿಂದೋರೆ ಗೀಟುಗಳ (ಬ್ಯಾಕ್‌ಸ್ಲ್ಯಾಶ್) ಸಮೇತ, ಕೊಡಬೇಕು. ಫೈಲ್‌ಗಳು ತೆರೆದಿದ್ದರೆ ಬಲವಂತವಾಗಿ ಮುಚ್ಚಲೇ ಎಂದು ವಿಂಡೋಸ್ ಕೇಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ಉತ್ತರ ‘ಬೇಡ’ ಎಂದೇ ಆಗುತ್ತದೆ, ಅದು ಒಳ್ಳೆಯದೇ. ಉಳಿಸಬೇಕಾದ್ದು ಏನೂ ಇಲ್ಲ ಎಂದು ಖಚಿತವಾದರೆ ಮಾತ್ರ ‘ವೈ’ ಒತ್ತಿ.

ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಕೊಟ್ಟರೆ ಎಲ್ಲ ಜೋಡಣೆಗಳೂ ಒಮ್ಮೆಲೇ ಹೋಗುತ್ತವೆ. ಒಂದು ಡ್ರೈವಿಗಾಗಿ ಹೀಗೆ ಎಲ್ಲವನ್ನೂ ಗುಡಿಸುವುದನ್ನು ನಾನು ಒಪ್ಪುವುದಿಲ್ಲ. ಬೇಕಾದ ಡ್ರೈವ್‌ಗಳ ವಿಳಾಸ, ಪಾಸ್‌ವರ್ಡ್ ನಿಮ್ಮ ಬಳಿ ಬರೆದಿಟ್ಟಿರದಿದ್ದರೆ ಮರಳಿ ಜೋಡಿಸುವುದು ದೊಡ್ಡ ತಲೆನೋವು.

ಪವರ್‌ಶೆಲ್ ಬಳಸುವವರಿಗೆ ‘ಗೆಟ್-ಎಸ್‌ಎಂಬಿಮ್ಯಾಪಿಂಗ್’ ಪಟ್ಟಿ ತೋರಿಸುತ್ತದೆ. ತೆಗೆಯುವುದು ಹೀಗೆ:

ರಿಮೂವ್-ಎಸ್‌ಎಂಬಿಮ್ಯಾಪಿಂಗ್ -ಲೋಕಲ್‌ಪಾತ್ ಝಡ್: -ಅಪ್‌ಡೇಟ್‌ಪ್ರೊಫೈಲ್

ಕೊನೆಯ ಪದವನ್ನು ಬಿಡಬೇಡಿ. ಜೋಡಣೆಯನ್ನು ನಿಮ್ಮ ಪ್ರೊಫೈಲಿನ ನೆನಪಿನಿಂದಲೂ ತೆಗೆಯುವುದು ಅದೇ.

ಈಗ ಅಡ್ಮಿನಿಸ್ಟ್ರೇಟರ್ ವಿಷಯ. ಡ್ರೈವ್ ಕಣ್ಣೆದುರೇ ಇದ್ದರೂ ‘ನೆಟ್‌ವರ್ಕ್ ಸಂಪರ್ಕ ಸಿಗಲಿಲ್ಲ’ ಎಂಬ 2250ನೇ ದೋಷ ಬಂದರೆ ಬಹುಪಾಲು ಕಾರಣ ಇದು. ಅಡ್ಮಿನಿಸ್ಟ್ರೇಟರ್ ಖಾತೆಯವರೂ ದಿನನಿತ್ಯ ಕೆಲಸ ಮಾಡುವುದು ಮಿತ ಅಧಿಕಾರದಲ್ಲಿ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದಾಗ ಮಾತ್ರ ಪೂರ್ಣ ಅಧಿಕಾರ ಸಿಗುತ್ತದೆ. ವಿಂಡೋಸ್ ಇವೆರಡನ್ನೂ ಎರಡು ಪ್ರತ್ಯೇಕ ಲಾಗಿನ್‌ಗಳೆಂದೇ ಎಣಿಸುತ್ತದೆ. ಒಂದರಲ್ಲಿ ಜೋಡಿಸಿದ ಡ್ರೈವ್ ಇನ್ನೊಂದರಲ್ಲಿ ಇರುವುದೇ ಇಲ್ಲ. ಆದ್ದರಿಂದ ಎರಡೂ ಬಗೆಯ ಕಿಟಕಿಗಳಲ್ಲಿ ‘ನೆಟ್ ಯೂಸ್’ ಕೊಟ್ಟು ನೋಡಿ. ಎಲ್ಲಿ ಕಾಣುತ್ತದೆಯೋ ಅಲ್ಲಿಂದಲೇ ತೆಗೆಯಿರಿ.

ಇದರ ಇನ್ನೂ ಕಠಿಣ ರೂಪ ಒಂದಿದೆ. ಹಿನ್ನೆಲೆಯಲ್ಲಿ ಓಡುವ ತಂತ್ರಾಂಶ, ಅಂದರೆ ಯಾವುದಾದರೂ ಸರ್ವಿಸ್, ವಿಂಡೋಸ್‌ನ ಸ್ವಂತ ‘ಲೋಕಲ್ ಸಿಸ್ಟಂ’ ಖಾತೆಯಲ್ಲಿ ಓಡುತ್ತಾ ಡ್ರೈವ್ ಜೋಡಿಸಿದರೆ ಅದು ಎಲ್ಲ ಬಳಕೆದಾರರಿಗೂ ‘ಡಿಸ್‌ಕನೆಕ್ಟೆಡ್’ ಎಂದು ಕಾಣುತ್ತದೆ, ಯಾರಿಂದಲೂ ತೆಗೆಯಲಾಗುವುದಿಲ್ಲ. ಬ್ಯಾಕಪ್ ತಂತ್ರಾಂಶಗಳಲ್ಲಿ, ಸಿಸ್ಟಂ ಖಾತೆಯ ಹೆಸರಿನಲ್ಲಿ ನಿಗದಿಪಡಿಸಿದ ಕೆಲಸಗಳಲ್ಲಿ ಹುಡುಕಿ. ಆ ಸರ್ವಿಸ್ ಅನ್ನೇ ಸರಿಪಡಿಸಬೇಕು.

ಮತ್ತೆ ಬಂದರೆ ಎಲ್ಲೆಲ್ಲಿ ಹುಡುಕಬೇಕು

ಡ್ರೈವ್ ಹೋಯಿತು. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದಿರಿ. ಮತ್ತೆ ಬಂದಿದೆ. ಇಲ್ಲಿಂದ ಮುಂದಿನದು ತಾಳ್ಮೆಯ ಕೆಲಸ.

ಮೊದಲು ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿ ನೋಡೋಣ. ಜೋಡಿಸುವಾಗ ‘ರೀಕನೆಕ್ಟ್ ಅಟ್ ಸೈನ್-ಇನ್’ ಎಂಬ ಚೌಕಕ್ಕೆ ಗುರುತು ಹಾಕಿದ್ದರೆ ವಿಂಡೋಸ್ ಅದನ್ನು ಬರೆದಿಡುವುದು ಇಲ್ಲಿ. ವಿಂಡೋಸ್ ಕೀ ಮತ್ತು ‘ಆರ್’ ಒತ್ತಿ ‘ರೆಜ್‌ಎಡಿಟ್’ ಎಂದು ಕೊಡಿ. ‘ಎಚ್‌ಕೀ ಕರೆಂಟ್ ಯೂಸರ್’ ತೆರೆದು ಅದರೊಳಗಿನ ‘ನೆಟ್‌ವರ್ಕ್’ ಎಂಬುದಕ್ಕೆ ಹೋಗಿ. ಅಲ್ಲಿ ಪ್ರತಿ ಡ್ರೈವಿಗೂ ಅದರ ಅಕ್ಷರದ ಹೆಸರಿನ ಒಂದೊಂದು ಕೀ (ಫೋಲ್ಡರಿನಂತೆ ಕಾಣುವ ನಮೂದು) ಇರುತ್ತದೆ. ‘ಝಡ್’ ಮೇಲೆ ಕ್ಲಿಕ್ ಮಾಡಿದರೆ ಬಲಗಡೆ ‘ರಿಮೋಟ್‌ಪಾತ್’ ಎಂಬಲ್ಲಿ ಸರ್ವರಿನ ವಿಳಾಸ ಕಾಣುತ್ತದೆ. ಇದು ನೀವು ಹುಡುಕುತ್ತಿರುವುದೇ ಎಂದು ಆ ವಿಳಾಸ ಓದಿ ಖಚಿತಪಡಿಸಿಕೊಳ್ಳಿ. ಆಮೇಲೆ ಬಲ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್’ ಮೂಲಕ ಒಂದು ಪ್ರತಿ ಉಳಿಸಿಕೊಂಡು, ಆ ಒಂದು ಅಕ್ಷರದ ಕೀಯನ್ನು ಮಾತ್ರ ಅಳಿಸಿ. ಮೇಲಿನ ‘ನೆಟ್‌ವರ್ಕ್’ ಕೀಯನ್ನು ಮುಟ್ಟಬೇಡಿ. ಲಾಗೌಟ್ ಆಗಿ ಮತ್ತೆ ಬಂದರೆ ಪರಿಣಾಮ ಗೊತ್ತಾಗುತ್ತದೆ.

ಡ್ರೈವ್ ಹೋದರೂ, ಅದೇ ವಿಳಾಸವನ್ನು ಮತ್ತೆ ಜೋಡಿಸಿದಾಗ ಹಳೆಯ ಅಡ್ಡಹೆಸರೇ ಬರುತ್ತಿದ್ದರೆ ಅದಕ್ಕೆ ‘ಮೌಂಟ್‌ಪಾಯಿಂಟ್ಸ್2’ ಎಂಬ ಇನ್ನೊಂದು ಕೀ ಕಾರಣ. ರಿಜಿಸ್ಟ್ರಿಯಲ್ಲಿ ಆ ಹೆಸರು ಹುಡುಕಿದರೆ, ಹಿಂದೋರೆ ಗೀಟುಗಳ ಬದಲು ಹ್ಯಾಶ್ ಚಿಹ್ನೆಗಳಿಂದ ಬರೆದ ಸರ್ವರ್ ವಿಳಾಸಗಳು ಕಾಣುತ್ತವೆ. ಬೇಡವಾದದ್ದನ್ನು ತೆಗೆಯಬಹುದು. ತೊಂದರೆ ಕೊಡದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಎರಡನೆಯದು ಉಳಿದ ಪಾಸ್‌ವರ್ಡ್. ಕಂಟ್ರೋಲ್ ಪ್ಯಾನಲ್‌ನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು ‘ವಿಂಡೋಸ್ ಕ್ರೆಡೆನ್ಶಿಯಲ್ಸ್’ ಆರಿಸಿ. ಆ ಸರ್ವರಿನ ಹೆಸರು ಅಥವಾ ಐಪಿ ವಿಳಾಸ ಇರುವ ಸಾಲನ್ನು ಬಿಡಿಸಿ ‘ರಿಮೂವ್’ ಒತ್ತಿ. ಒಂದೇ ಸರ್ವರ್ ಒಮ್ಮೆ ಹೆಸರಿನಿಂದ, ಇನ್ನೊಮ್ಮೆ ಐಪಿ ವಿಳಾಸದಿಂದ ಎರಡು ಕಡೆ ನಮೂದಾಗಿರಬಹುದು, ಎರಡನ್ನೂ ನೋಡಿ. ಕಮಾಂಡ್ ಇಷ್ಟಪಡುವವರು ‘ಸಿಎಂಡಿಕೀ /ಲಿಸ್ಟ್’ ಎಂದು ನೋಡಿ, ‘ಸಿಎಂಡಿಕೀ /ಡಿಲೀಟ್:’ ಎಂಬುದರ ಮುಂದೆ ಸರ್ವರಿನ ಹೆಸರು ಸೇರಿಸಿ ತೆಗೆಯಬಹುದು. ಪಾಸ್‌ವರ್ಡ್ ತಾನಾಗಿ ಡ್ರೈವನ್ನು ಕರೆತರುವುದಿಲ್ಲ ನಿಜ. ಆದರೆ ಹಳೆಯ ಪಾಸ್‌ವರ್ಡ್ ಹಿಡಿದು ಕಂಪ್ಯೂಟರ್ ಮತ್ತೆ ಮತ್ತೆ ಸರ್ವರ್ ತಟ್ಟುತ್ತಿದ್ದರೆ, ತಪ್ಪು ಪ್ರಯತ್ನಗಳು ಮಿತಿ ಮೀರಿ ನಿಮ್ಮ ಕಚೇರಿ ಖಾತೆಯೇ ಲಾಕ್ ಆಗಬಹುದು. ಪಾಸ್‌ವರ್ಡ್ ಬದಲಿಸಿದ ಮೇಲೆ ಖಾತೆ ಪದೇಪದೇ ಲಾಕ್ ಆಗುತ್ತಿದ್ದರೆ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೂ ಒಂದು.

ಇದಕ್ಕೆ ಹತ್ತಿರದ ಸಂಗತಿ 1219ನೇ ದೋಷ. ಒಂದೇ ಸರ್ವರಿಗೆ ಏಕಕಾಲದಲ್ಲಿ ಎರಡು ಬೇರೆ ಬಳಕೆದಾರರ ಹೆಸರಿನಲ್ಲಿ ಸಂಪರ್ಕ ಮಾಡಲು ವಿಂಡೋಸ್ ಬಿಡುವುದಿಲ್ಲ. ಹೊಸ ಖಾತೆಯಿಂದ ಜೋಡಿಸಲು ಹೋದಾಗ ಈ ದೋಷ ಬಂದರೆ, ಹಳೆಯ ಸಂಪರ್ಕ ಎಲ್ಲೋ ಉಳಿದಿದೆ ಎಂದರ್ಥ. ‘ನೆಟ್ ಯೂಸ್’ ಪಟ್ಟಿಯ ಅಕ್ಷರವಿಲ್ಲದ ಸಾಲುಗಳನ್ನು ಆಗ ಮರೆಯದೆ ನೋಡಿ.

ಮೂರನೆಯದು ಸ್ಕ್ರಿಪ್ಟ್‌ಗಳು. ವಿಂಡೋಸ್ ಕೀ ಮತ್ತು ‘ಆರ್’ ಒತ್ತಿ ‘ಶೆಲ್:ಸ್ಟಾರ್ಟಪ್’ ಎಂದು ಕೊಟ್ಟರೆ ಲಾಗಿನ್ ಆದಾಗ ತಾನಾಗಿ ಓಡುವ ಫೈಲ್‌ಗಳ ಫೋಲ್ಡರ್ ತೆರೆಯುತ್ತದೆ. ಅಲ್ಲಿ ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಇದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಿ. ಒಳಗೆ ‘ನೆಟ್ ಯೂಸ್’ ಎಂಬ ಸಾಲಿದ್ದರೆ ಡ್ರೈವ್ ಹುಟ್ಟುವ ಜಾಗ ಸಿಕ್ಕಿತು. ‘ಟಾಸ್ಕ್ ಷೆಡ್ಯೂಲರ್’ನಲ್ಲೂ ಹಾಗೆಯೇ ಹುಡುಕಿ.

ನಾಲ್ಕನೆಯದು ಕಚೇರಿಯ ಗ್ರೂಪ್ ಪಾಲಿಸಿ. ಕಂಪ್ಯೂಟರ್ ಕಚೇರಿಯ ಡೊಮೈನ್‌ಗೆ, ಅಂದರೆ ಒಂದೆಡೆಯಿಂದ ನಿರ್ವಹಿಸುವ ಕಂಪ್ಯೂಟರುಗಳ ಗುಂಪಿಗೆ, ಸೇರಿದ್ದರೆ, ಯಾರಿಗೆ ಯಾವ ಡ್ರೈವ್ ಕಾಣಬೇಕು ಎಂಬುದನ್ನು ಅಲ್ಲಿನ ನಿರ್ವಾಹಕರು ಒಂದೆಡೆಯಿಂದ ನಿಗದಿಪಡಿಸಿರುತ್ತಾರೆ. ನೀವು ತೆಗೆದಷ್ಟೂ ಸಲ ಅದು ಬರುತ್ತದೆ. ಅದರ ಕೆಲಸವೇ ಅದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಜಿಪಿರಿಸಲ್ಟ್ /ಆರ್’ ಎಂದು ಕೊಟ್ಟರೆ ನಿಮಗೆ ಅನ್ವಯವಾಗಿರುವ ಪಾಲಿಸಿಗಳ ಹೆಸರುಗಳು ಬರುತ್ತವೆ. ರಿಜಿಸ್ಟ್ರಿ ತಿದ್ದಿ ಇದರೊಡನೆ ಗುದ್ದಾಡಬೇಡಿ. ಆ ಪಟ್ಟಿಯನ್ನೂ ‘ನೆಟ್ ಯೂಸ್’ ಫಲಿತಾಂಶವನ್ನೂ ನಿರ್ವಾಹಕರಿಗೆ ಕಳಿಸಿ, ಈ ಡ್ರೈವ್ ನನಗೆ ಬೇಡ ಎಂದು ತಿಳಿಸಿ. ನಿರ್ವಾಹಕರು ನೀವೇ ಆಗಿದ್ದರೆ: ಡ್ರೈವ್ ನಮೂದನ್ನು ಪಾಲಿಸಿಯಿಂದ ಅಳಿಸಿಬಿಟ್ಟರೆ ಈಗಾಗಲೇ ಜೋಡಣೆಯಾದ ಕಂಪ್ಯೂಟರುಗಳಲ್ಲಿ ಅದು ಉಳಿದುಬಿಡುತ್ತದೆ. ನಮೂದಿನ ‘ಆ್ಯಕ್ಷನ್’ ಅನ್ನು ‘ಡಿಲೀಟ್’ ಎಂದು ಬದಲಿಸಿ, ಎಲ್ಲರೂ ಒಮ್ಮೆ ಲಾಗಿನ್ ಆಗುವವರೆಗೆ ಹಾಗೆಯೇ ಬಿಡಿ.

ತೆಗೆಯಲು ಹೊರಟ ಕೆಲವರಿಗೆ ನಿಜವಾಗಿ ಡ್ರೈವ್ ಬೇಕಾಗಿರುತ್ತದೆ, ಅದು ತೆರೆಯುತ್ತಿಲ್ಲ ಅಷ್ಟೇ. ಹಳೆಯ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯ. ಅವುಗಳಲ್ಲಿ ಕೆಲವು ಎಸ್‌ಎಂಬಿ ಎಂಬ ಫೈಲ್ ಹಂಚಿಕೆಯ ನಿಯಮಾವಳಿಯ ಮೊದಲ ಆವೃತ್ತಿಯನ್ನಷ್ಟೇ ಬಲ್ಲವು. ಭದ್ರತೆಯ ಕಾರಣಕ್ಕೆ, 2017ರಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದೀಚೆಗೆ ಹೊಸ ಅನುಸ್ಥಾಪನೆಗಳಲ್ಲಿ ಅದು ಮೊದಲಿನಂತೆ ಇರುವುದಿಲ್ಲ. ಅಂಥ ಪೆಟ್ಟಿಗೆಗೆ ಹೊಸ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಸಿಗುತ್ತದೆಯೇ ನೋಡಿ. ಹಳೆಯ ಆವೃತ್ತಿಯನ್ನು ವಿಂಡೋಸ್‌ನಲ್ಲಿ ಮತ್ತೆ ಚಾಲೂ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ, ದಯವಿಟ್ಟು ಬೇಡ. 2017ರಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡ ವಾನಾಕ್ರೈ ಕುತಂತ್ರಾಂಶ ಹರಡಿದ್ದು ಇದೇ ಆವೃತ್ತಿಯಲ್ಲಿದ್ದ ದೋಷದ ಮೂಲಕ.

ಮ್ಯಾಕ್‌ನಲ್ಲಿ

ಇಲ್ಲಿ ಕೆಲಸ ಸರಳ. ಫೈಂಡರ್ ಕಿಟಕಿಯ ಎಡಪಟ್ಟಿಯಲ್ಲಿ ಸರ್ವರಿನ ಹೆಸರಿನ ಪಕ್ಕದ ಇಜೆಕ್ಟ್ ಚಿಹ್ನೆ ಒತ್ತಿದರೆ ಸಾಕು. ಆಯ್ಕೆ ಮಾಡಿಕೊಂಡು ಕಮಾಂಡ್ ಕೀ ಜೊತೆ ‘ಇ’ ಒತ್ತಿದರೂ ಆಯಿತು. ಬಳಕೆಯಲ್ಲಿದೆ ಎಂದು ತಡೆದರೆ ಆ ಡ್ರೈವಿನ ಫೈಲ್ ತೆರೆದಿರುವ ತಂತ್ರಾಂಶಗಳನ್ನು ಮುಚ್ಚಿ. ಸರ್ವರೇ ಇಲ್ಲವಾಗಿ ಫೈಂಡರ್ ಸ್ತಬ್ಧವಾಗಿದ್ದರೆ ಟರ್ಮಿನಲ್ ತೆರೆದು ಹೀಗೆ ಕೊಡಿ, ಕೊನೆಯಲ್ಲಿ ‘ಹೆಸರು’ ಎಂಬಲ್ಲಿ ಡ್ರೈವಿನ ಹೆಸರಿರಲಿ:

ಡಿಸ್ಕ್‌ಯುಟಿಲ್ ಅನ್‌ಮೌಂಟ್ ಫೋರ್ಸ್ /ವಾಲ್ಯೂಮ್ಸ್/ಹೆಸರು

ಲಾಗಿನ್ ಆದಾಗಲೆಲ್ಲ ಮರಳಿ ಬರುತ್ತಿದ್ದರೆ ಸಿಸ್ಟಂ ಸೆಟ್ಟಿಂಗ್ಸ್, ಜನರಲ್, ‘ಲಾಗಿನ್ ಐಟಮ್ಸ್’ ಎಂಬ ಕ್ರಮದಲ್ಲಿ ಹೋಗಿ. ಆರಂಭದಲ್ಲಿ ತೆರೆಯುವವುಗಳ ಪಟ್ಟಿಯಲ್ಲಿ ಆ ಡ್ರೈವ್ ಇದ್ದರೆ ಆಯ್ದು ಕಳೆಯುವ ಚಿಹ್ನೆ ಒತ್ತಿ. ಫೈಂಡರ್‌ನ ‘ಗೋ’ ಮೆನುವಿನ ‘ಕನೆಕ್ಟ್ ಟು ಸರ್ವರ್’ ಕಿಟಕಿಯಲ್ಲಿ ಮೆಚ್ಚಿನ ಸರ್ವರುಗಳ ಪಟ್ಟಿಯಿಂದಲೂ ತೆಗೆಯಿರಿ. ಪಾಸ್‌ವರ್ಡ್ ಇರುವುದು ‘ಕೀಚೈನ್ ಆ್ಯಕ್ಸೆಸ್’ ತಂತ್ರಾಂಶದಲ್ಲಿ. ಸರ್ವರಿನ ಹೆಸರು ಹುಡುಕಿ ಅಳಿಸಬಹುದು.

ಸಂಪರ್ಕ ಹಠಾತ್ತನೆ ಕಡಿದಾಗ ‘ವಾಲ್ಯೂಮ್ಸ್’ ಒಳಗೆ ಡ್ರೈವಿನ ಹೆಸರಿನ ಖಾಲಿ ಫೋಲ್ಡರ್ ಉಳಿದುಬಿಡುವುದುಂಟು. ಆಗ ಮುಂದಿನ ಸಲ ಡ್ರೈವ್ ಹೆಸರಿನ ಕೊನೆಗೆ ‘-1’ ಸೇರಿಕೊಂಡು ಬರುತ್ತದೆ, ಹಳೆಯ ದಾರಿಯನ್ನು ನೆಚ್ಚಿದ ತಂತ್ರಾಂಶಗಳು ತಬ್ಬಿಬ್ಬಾಗುತ್ತವೆ. ಆ ಖಾಲಿ ಫೋಲ್ಡರನ್ನು ತೆಗೆಯುವಾಗ, ಮುಂದೆ ಲಿನಕ್ಸ್ ಭಾಗದಲ್ಲಿ ಹೇಳುವ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಲಿನಕ್ಸ್‌ನಲ್ಲಿ

ಫೈಲ್ ಮ್ಯಾನೇಜರ್ ಮೂಲಕ ತೆರೆದ ಸರ್ವರ್ ಆದರೆ ಎಡಪಟ್ಟಿಯಲ್ಲಿ ಅದರ ಪಕ್ಕದ ಇಜೆಕ್ಟ್ ಚಿಹ್ನೆ ಒತ್ತಿ, ಬುಕ್‌ಮಾರ್ಕ್ ಇದ್ದರೆ ಅದನ್ನೂ ತೆಗೆಯಿರಿ. ಅಲ್ಲಿಗೆ ಮುಗಿಯಿತು. ಇಡೀ ಕಂಪ್ಯೂಟರಿಗೆ ಅನ್ವಯವಾಗುವಂತೆ ಮೌಂಟ್ ಮಾಡಿದ್ದರೆ, ಅಂದರೆ ಒಂದು ಫೋಲ್ಡರಿಗೆ ಜೋಡಿಸಿದ್ದರೆ, ಮಾತ್ರ ಮುಂದಿನದು ಬೇಕು. ಟರ್ಮಿನಲ್‌ನಲ್ಲಿ:

ಫೈಂಡ್‌ಎಂಎನ್‌ಟಿ -ಟಿ ಸಿಐಎಫ್‌ಎಸ್,ಎನ್‌ಎಫ್‌ಎಸ್,ಎನ್‌ಎಫ್‌ಎಸ್4,ಫ್ಯೂಸ್.ಎಸ್‌ಎಸ್‌ಎಚ್‌ಎಫ್‌ಎಸ್

ಇದು ನೆಟ್‌ವರ್ಕ್ ಮೌಂಟ್‌ಗಳನ್ನಷ್ಟೇ ತೋರಿಸುತ್ತದೆ. ಸರ್ವರ್ ಸತ್ತಿದ್ದರೆ ಡಿಸ್ಕ್ ಜಾಗ ತೋರಿಸುವ ‘ಡಿಎಫ್’ ಕಮಾಂಡ್ ಉತ್ತರಕ್ಕಾಗಿ ಕಾಯುತ್ತಾ ನಿಂತುಬಿಡಬಹುದು; ‘ಡಿಎಫ್ -ಎಲ್’ ಎಂದರೆ ಸ್ಥಳೀಯ ಡಿಸ್ಕ್‌ಗಳನ್ನು ಮಾತ್ರ ನೋಡುತ್ತದೆ. ಮೌಂಟ್ ಆಗಿರುವ ಜಾಗ ಗೊತ್ತಾದ ಮೇಲೆ:

ಸುಡೊ ಯುಮೌಂಟ್ /ಎಂಎನ್‌ಟಿ/ಶೇರ್

ಕಮಾಂಡಿನ ಮೊದಲ ಅಕ್ಷರ ‘ಯು’, ನಂತರ ನೇರವಾಗಿ ‘ಎಂ’; ನಡುವೆ ‘ಎನ್’ ಬರುವುದಿಲ್ಲ. ‘ಟಾರ್ಗೆಟ್ ಈಸ್ ಬ್ಯುಸಿ’ ಎಂದು ಬಂದರೆ ಮೊದಲು ನೀವು ನಿಂತಿರುವ ಜಾಗ ನೋಡಿಕೊಳ್ಳಿ. ಯಾವುದೋ ಟರ್ಮಿನಲ್ ಕಿಟಕಿ ಅದೇ ಫೋಲ್ಡರಿನೊಳಗೆ ತೆರೆದಿರುವುದೇ ಸಾಮಾನ್ಯ ಕಾರಣ. ಬರಿದೇ ‘ಸಿಡಿ’ ಕೊಟ್ಟು ಹೊರಬಂದು ಮತ್ತೆ ಪ್ರಯತ್ನಿಸಿ. ಇನ್ನೂ ಆಗದಿದ್ದರೆ ‘ಸುಡೊ ಎಫ್‌ಯೂಸರ್ -ವಿಎಂ /ಎಂಎನ್‌ಟಿ/ಶೇರ್’ ಯಾವ ಪ್ರಕ್ರಿಯೆ ಹಿಡಿದಿದೆ ಎಂದು ತೋರಿಸುತ್ತದೆ. ಇದಕ್ಕೆ ‘ಕೆ’ ಸೇರಿಸಿದರೆ ಹಿಡಿದವರನ್ನೆಲ್ಲ ಕೊಂದುಹಾಕುತ್ತದೆ. ಯಾರು ಹಿಡಿದಿದ್ದಾರೆಂದು ಓದದೆ ಅದನ್ನು ಬಳಸುವುದು ಅಪಾಯ.

ಸರ್ವರ್ ಮರಳಿ ಬರುವುದೇ ಇಲ್ಲ ಎಂದಾದಾಗ ‘ಸುಡೊ ಯುಮೌಂಟ್ -ಎಲ್ /ಎಂಎನ್‌ಟಿ/ಶೇರ್’ ಕೊಡಿ. ಮೌಂಟ್ ತಕ್ಷಣ ಕಣ್ಮರೆಯಾಗಿ, ಹಿಡಿದ ಪ್ರಕ್ರಿಯೆಗಳು ಬಿಟ್ಟಂತೆ ಒಳಗೊಳಗೇ ಬಿಡುಗಡೆಯಾಗುತ್ತದೆ. ಎನ್‌ಎಫ್‌ಎಸ್ ಎಂಬ ಫೈಲ್ ಹಂಚಿಕೆಯ ವಿಧಾನದಲ್ಲಿ ಇದರ ಅಗತ್ಯ ಹೆಚ್ಚು. ಅದರ ಮೂಲ ಹೊಂದಿಕೆಯಲ್ಲಿ ಸರ್ವರ್ ಉತ್ತರಿಸುವವರೆಗೂ ಕೊನೆಯಿಲ್ಲದೆ ಕಾಯುವ ಸ್ವಭಾವವಿದೆ.

ಇನ್ನು ನೆನಪು ಅಳಿಸುವುದು. ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಫೈಲಿನ ಪ್ರತಿ ತೆಗೆದಿಟ್ಟುಕೊಂಡು, ಸುಡೊ ಸಮೇತ ಎಡಿಟರ್‌ನಲ್ಲಿ ತೆರೆಯಿರಿ. ಆ ಸರ್ವರಿನ ವಿಳಾಸ ಇರುವ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ. ಅಳಿಸುವುದಕ್ಕಿಂತ ಹೀಗೆ ನಿಷ್ಕ್ರಿಯಗೊಳಿಸುವುದು ಮೇಲು, ಬೇಕಾದರೆ ಮರಳಿ ಪಡೆಯಬಹುದು. ಬೇರೆ ಸಾಲುಗಳಲ್ಲಿ ಒಂದಕ್ಷರ ತಪ್ಪಿದರೂ ಕಂಪ್ಯೂಟರ್ ಮುಂದಿನ ಸಲ ತುರ್ತು ಸ್ಥಿತಿಯಲ್ಲಿ ನಿಲ್ಲಬಹುದು. ಆದ್ದರಿಂದ ಉಳಿಸಿದ ಮೇಲೆ ‘ಸುಡೊ ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಟ್ಟು ದೋಷವಿಲ್ಲ ಎಂದು ನೋಡಿ, ಬಳಿಕ ‘ಸುಡೊ ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್’ ಕೊಡಿ. ಈ ಕೊನೆಯದನ್ನು ಬಿಟ್ಟರೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿ ಹಳೆಯ ಸಾಲನ್ನೇ ನಂಬಿಕೊಂಡಿರುತ್ತದೆ. ಆ ಫೈಲಿನಲ್ಲಿ ಇಲ್ಲದೆಯೂ ಮೌಂಟ್ ಬರುತ್ತಿದ್ದರೆ ‘/ಇಟಿಸಿ/ಸಿಸ್ಟಂಡಿ/ಸಿಸ್ಟಂ’ ಒಳಗೆ ‘.ಮೌಂಟ್’ ಅಥವಾ ‘.ಆಟೊಮೌಂಟ್’ ಎಂದು ಮುಗಿಯುವ ಫೈಲ್‌ಗಳನ್ನೂ, ಬೇಕೆಂದಾಗ ತಾನಾಗಿ ಮೌಂಟ್ ಮಾಡುವ ಆಟೊಎಫ್‌ಎಸ್ ಇದ್ದರೆ ‘/ಇಟಿಸಿ/ಆಟೊ.ಮಾಸ್ಟರ್’ ಫೈಲನ್ನೂ ನೋಡಿ. ಪಾಸ್‌ವರ್ಡ್ ಬರೆದಿಟ್ಟ ಫೈಲ್ ಯಾವುದು ಎಂಬುದು ನೀವು ಈಗ ಹ್ಯಾಶ್ ಹಾಕಿದ ಸಾಲಿನಲ್ಲೇ ‘ಕ್ರೆಡೆನ್ಶಿಯಲ್ಸ್’ ಎಂಬ ಪದದ ಮುಂದೆ ಇರುತ್ತದೆ. ಬೇರಾವ ಸಾಲೂ ಅದನ್ನು ಬಳಸುತ್ತಿಲ್ಲದಿದ್ದರೆ ಅಳಿಸಿ.

ಕೊನೆಗೆ ಉಳಿಯುವುದು ಮೌಂಟ್ ಆಗುತ್ತಿದ್ದ ಖಾಲಿ ಫೋಲ್ಡರ್. ಎಚ್ಚರಿಕೆ ಎಂದದ್ದು ಇದಕ್ಕೇ. ಫೋಲ್ಡರನ್ನು ಒಳಗಿನದೆಲ್ಲದರ ಸಮೇತ ಅಳಿಸುವ ‘ಆರ್‌ಎಂ -ಆರ್’ ಅನ್ನು ಇಲ್ಲಿ ಎಂದೂ ಬಳಸಬೇಡಿ. ಅನ್‌ಮೌಂಟ್ ಆಗಿದೆ ಎಂದು ನೀವು ಅಂದುಕೊಂಡಿದ್ದು, ನಿಜವಾಗಿ ಆಗಿರದಿದ್ದರೆ ಅದು ಸರ್ವರಿನೊಳಕ್ಕೆ ಇಳಿದು ಎಲ್ಲವನ್ನೂ ಅಳಿಸುತ್ತಾ ಹೋಗುತ್ತದೆ. ಬಳಸಬೇಕಾದ್ದು:

ಸುಡೊ ಆರ್‌ಎಂಡಿಐಆರ್ /ಎಂಎನ್‌ಟಿ/ಶೇರ್

ಇದು ಖಾಲಿ ಫೋಲ್ಡರನ್ನು ಮಾತ್ರ ತೆಗೆಯುತ್ತದೆ. ಮೌಂಟ್ ಇನ್ನೂ ಇದ್ದರೆ, ಅಥವಾ ಒಳಗೆ ಒಂದೇ ಒಂದು ಫೈಲ್ ಇದ್ದರೂ, ಒಪ್ಪದೆ ನಿಲ್ಲುತ್ತದೆ. ಅನ್‌ಮೌಂಟ್ ಖಂಡಿತ ಆಗಿದೆ, ಆದರೂ ಫೋಲ್ಡರ್ ಖಾಲಿ ಇಲ್ಲ ಎಂದಾದರೆ ಒಳಗಿರುವುದನ್ನು ಗಮನವಿಟ್ಟು ನೋಡಿ. ಎಂದೋ ಒಂದು ದಿನ ಸರ್ವರ್ ಜೋಡಣೆಯಾಗದೆ ಇದ್ದಾಗ ಯಾವುದೋ ತಂತ್ರಾಂಶ, ಹೆಚ್ಚಾಗಿ ಬ್ಯಾಕಪ್, ಸರ್ವರಿಗೆ ಎಂದುಕೊಂಡು ನಿಮ್ಮದೇ ಡಿಸ್ಕಿನ ಆ ಫೋಲ್ಡರಿಗೆ ಬರೆದಿರುತ್ತದೆ. ಮೌಂಟ್ ಮೇಲೆ ಕುಳಿತಿದ್ದಷ್ಟು ದಿನ ಆ ಫೈಲ್‌ಗಳು ಕಾಣದೆ ಮುಚ್ಚಿಹೋಗಿದ್ದವು. ಅವುಗಳ ಪ್ರತಿ ಬೇರೆಲ್ಲೂ ಇಲ್ಲದಿರಬಹುದು. ಬೇಕಾದ್ದನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ, ಆಮೇಲೆ ಫೋಲ್ಡರ್ ತೆಗೆಯಿರಿ.

ಹೋಗಿದೆಯೇ ಎಂದು ಪರೀಕ್ಷಿಸುವುದು

ಯಾವ ಕಂಪ್ಯೂಟರೇ ಆಗಲಿ, ರೀಸ್ಟಾರ್ಟ್ ಮಾಡಿ, ನೆಟ್‌ವರ್ಕ್ ಜೋಡಣೆಯಾದ ಮೇಲೆ ಪಟ್ಟಿ ನೋಡಿ: ವಿಂಡೋಸ್‌ನಲ್ಲಿ ‘ನೆಟ್ ಯೂಸ್’, ಮ್ಯಾಕ್‌ನಲ್ಲಿ ‘ಮೌಂಟ್’, ಲಿನಕ್ಸ್‌ನಲ್ಲಿ ಮೇಲಿನ ‘ಫೈಂಡ್‌ಎಂಎನ್‌ಟಿ’. ವಿಂಡೋಸ್‌ನಲ್ಲಿ ‘ಶಟ್ ಡೌನ್’ ಬದಲು ‘ರೀಸ್ಟಾರ್ಟ್’ ಅನ್ನೇ ಆರಿಸಿ. ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಉಳಿದು ಹಾಗೆಯೇ ಮರಳುತ್ತದೆ, ಪರೀಕ್ಷೆ ಪೂರ್ಣವಾಗುವುದಿಲ್ಲ. ಕಚೇರಿಯ ಕಂಪ್ಯೂಟರ್ ಆದರೆ ಕಚೇರಿಯ ನೆಟ್‌ವರ್ಕಿಗೆ ಅಥವಾ ವಿಪಿಎನ್‌ಗೆ ಸೇರಿದ ಮೇಲೂ ಒಮ್ಮೆ ನೋಡಬೇಕು. ಗ್ರೂಪ್ ಪಾಲಿಸಿ ತಲುಪುವುದು ಆಗಲೇ.

ಪಟ್ಟಿ ಖಾಲಿಯಾಗಿದ್ದೂ ಎಕ್ಸ್‌ಪ್ಲೋರರ್ ಇನ್ನೂ ನಿಧಾನವಾಗಿದ್ದರೆ ‘ಕ್ವಿಕ್ ಆ್ಯಕ್ಸೆಸ್’ ಕಡೆ ಕಣ್ಣು ಹಾಯಿಸಿ. ಹಳೆಯ ಸರ್ವರಿನ ಫೋಲ್ಡರ್ ಅಲ್ಲಿ ಪಿನ್ ಆಗಿ ಉಳಿದಿದ್ದರೆ ‘ಅನ್‌ಪಿನ್’ ಮಾಡಿ. ಡೆಸ್ಕ್‌ಟಾಪಿನಲ್ಲಿ ಆ ಡ್ರೈವಿನತ್ತ ಬೊಟ್ಟು ಮಾಡುವ ಶಾರ್ಟ್‌ಕಟ್‌ಗಳನ್ನೂ ತೆಗೆಯಿರಿ. ಇವು ಡ್ರೈವ್ ಅಲ್ಲ, ಆದರೆ ಅವುಗಳ ಚಿಹ್ನೆ ತೋರಿಸುವುದಕ್ಕಾಗಿ ಕಂಪ್ಯೂಟರ್ ಇಲ್ಲದ ಆ ಸರ್ವರನ್ನು ಈಗಲೂ ಹುಡುಕಿಕೊಂಡು ಹೋಗುತ್ತಿರಬಹುದು.